ಸಹಿ ಸರಿಯಿದೆ, ಮೇಲ್ ಮಾತ್ರ ತೆರೆಯುತ್ತಿಲ್ಲ

(ಕಲಬುರಗಿಯಲ್ಲಿ ಲೆಕ್ಕಪರಿಶೋಧಕರು, ವಕೀಲರು ಮತ್ತು ದಾಲ್ ಮಿಲ್ಲುಗಳ ಕಚೇರಿ ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದೆ.)

ಶರಣ್ರಿ ಎಲ್ಲರಿಗೂ.

ಇಲ್ಲಿ ಕೂತ ಬಹಳ ಮಂದಿಯ ಮೇಜಿನ ಖಾನೆಯಲ್ಲಿ ಒಂದು ಡಿಎಸ್‌ಸಿ ಡೋಂಗಲ್, ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇಟ್ಟ ಯುಎಸ್‌ಬಿ ಸಾಧನ, ಇದೆ. ಕಂಪನಿ ರಿಟರ್ನ್‌ಗೆ, ಟೆಂಡರಿಗೆ ಅಂತ ಹಚ್ಚುತ್ತೀರಿ, ಕೆಲಸ ಮುಗಿದ ಮೇಲೆ ತೆಗೆದಿಡುತ್ತೀರಿ. ಅದೇ ಡೋಂಗಲ್ಲಿನಿಂದ ಮೇಲ್‌ಗೂ ಸಹಿ ಹಾಕಬಹುದು. ಹಾಕಿ ಕಳಿಸಿದ ಮರುದಿನ ಆ ಕಡೆಯಿಂದ ಫೋನು ಬರುತ್ತದೆ: ‘ನಿಮ್ಮ ಮೇಲ್ ಖಾಲಿ ಬಂದದ.’ ‘ಅದೇನೋ ಪಿ7ಎಸ್ ಅಂತ ಫೈಲ್ ಬಂದದ, ವೈರಸ್ ಏನ್ರಿ?’ ‘ಕೆಂಪು ಗುರುತು ತೋರಸ್ಲಿಕತ್ತದ, ಸಹಿ ಖೊಟ್ಟಿ ಅದ ಏನು?’

ಇವತ್ತಿನ ಮಾತೆಲ್ಲ ಈ ಮೂರು ಫೋನುಗಳ ಸುತ್ತ. ಮೂರರಲ್ಲೂ ಸಹಿ ಹಾಕಿದವರ ತಪ್ಪು ಕಡಿಮೆ, ಖೊಟ್ಟಿತನ ಇನ್ನೂ ಕಡಿಮೆ. ಒಂದು ತಂತ್ರಾಂಶ ಕಟ್ಟಿದ ಗಂಟನ್ನು ಇನ್ನೊಂದಕ್ಕೆ ಬಿಚ್ಚಲು ಬಂದಿರುವುದಿಲ್ಲ. ಅಥವಾ ದಾರಿಯಲ್ಲಿ ಯಾರೋ ಗಂಟನ್ನು ಮುಟ್ಟಿರುತ್ತಾರೆ.

ಮೊದಲು ‘ಸಹಿ’ ಎಂಬ ಮಾತಿನ ಗೊಂದಲ ಬಿಡಿಸೋಣ. ಮೇಲ್‌ನ ಕೆಳಗೆ ಬರುವ ಹೆಸರು, ಹುದ್ದೆ, ಮೊಬೈಲ್ ನಂಬರಿನ ನಾಲ್ಕು ಸಾಲನ್ನೂ ತಂತ್ರಾಂಶಗಳು ಸಿಗ್ನೇಚರ್ ಎನ್ನುತ್ತವೆ. ಅದು ಬರೀ ಅಕ್ಷರ. ಕೈಬರಹದ ಸಹಿಯ ಫೋಟೊ ಅಂಟಿಸುವುದೂ ಅಷ್ಟೇ. ಜಿಮೇಲ್‌ನಲ್ಲಿ ವಿವರ ತೆರೆದರೆ ‘ಸೈನ್ಡ್ ಬೈ’ ಎಂದು ಒಂದು ಡೊಮೈನ್ ಹೆಸರು ಕಾಣುತ್ತದೆ. ಅದು ಡಿಕಿಮ್: ಕಳಿಸಿದ ಸರ್ವರ್ ಹಾಕುವ ಮೊಹರು. ಮೇಲ್ ಆ ಡೊಮೈನಿನಿಂದ ಹೊರಟಿತು ಎಂದಷ್ಟೇ ಅದು ಹೇಳುತ್ತದೆ. ಯಾವ ಮನುಷ್ಯ ಬರೆದ ಎಂಬುದು ಅದಕ್ಕೆ ತಿಳಿಯದು. ವ್ಯಕ್ತಿಯ ಸಹಿಗೆ ಇರುವ ಪದ್ಧತಿ ಎರಡು, ಎಸ್‌ಮೈಮ್ ಮತ್ತು ಓಪನ್‌ಪಿಜಿಪಿ. ನಿಮ್ಮ ಡೋಂಗಲ್ ಎಸ್‌ಮೈಮ್ ಕಡೆಯದು.

ಈಗ ಸಹಿ ಹಾಕಿದ ಒಂದು ಮೇಲನ್ನು ಬಿಚ್ಚಿ ನೋಡೋಣ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಯು ಕೀ ಒಟ್ಟಿಗೆ ಒತ್ತಿದರೆ ಮೇಲ್‌ನ ಕಚ್ಚಾ ರೂಪ ತೆರೆಯುತ್ತದೆ. ಮೇಲ್ಭಾಗದಲ್ಲಿ ಫ್ರಮ್, ಟು, ಸಬ್ಜೆಕ್ಟ್ ಸಾಲುಗಳು. ಅವುಗಳ ನಡುವೆ ‘ಮಲ್ಟಿಪಾರ್ಟ್/ಸೈನ್ಡ್’ ಎಂಬ ಒಂದು ಸಾಲು. ಅದರ ಕೆಳಗೆ ಗಡಿಗೆರೆ ಹಾಕಿದ ಎರಡು ತುಂಡು: ಮೊದಲನೆಯದು ನೀವು ಬರೆದ ಮಾತು ಮತ್ತು ಲಗತ್ತುಗಳು, ಎರಡನೆಯದು ‘ಎಸ್‌ಮೈಮ್.ಪಿ7ಎಸ್’ ಎಂಬ ಸಣ್ಣ ಕಡತ. ಈ ರಚನೆ 1995ರಲ್ಲಿ ಆರ್‌ಎಫ್‌ಸಿ 1847 ಎಂಬ ಇಂಟರ್‌ನೆಟ್ ಮಾನದಂಡದಲ್ಲಿ ನಿಗದಿಯಾದದ್ದು, ಇಂದಿಗೂ ಅದೇ ನಡೆದಿದೆ.

ಕಳಿಸುವ ತಂತ್ರಾಂಶ ಮೊದಲ ತುಂಡನ್ನು ಬೈಟ್ ಬೈಟಾಗಿ ಓದಿ ಎಸ್‌ಎಚ್‌ಎ-256 ಲೆಕ್ಕ ಹಾಕುತ್ತದೆ, 32 ಬೈಟಿನ ಒಂದು ಹ್ಯಾಶ್, ಅಂದರೆ ಆ ಪಠ್ಯದ ಬೆರಳ ಗುರುತಿನಂಥ ಸಂಖ್ಯೆ, ಬರುತ್ತದೆ. ಆ ಹ್ಯಾಶ್ ಮತ್ತು ಸಹಿಯ ಹೊತ್ತು ಸೇರಿದ ಒಂದು ಸಣ್ಣ ಪಟ್ಟಿಗೆ ಡೋಂಗಲ್ಲಿನ ಒಳಗಿರುವ ಖಾಸಗಿ ಕೀ (ನಿಮ್ಮ ಬಳಿ ಮಾತ್ರ ಇರುವ ಗುಟ್ಟಿನ ಸಂಖ್ಯೆ) ಸಹಿ ಹಾಕುತ್ತದೆ. ಕೀ 2048 ಬಿಟ್ಟಿನ ಆರ್‌ಎಸ್‌ಎ ಆಗಿದ್ದರೆ ಸಹಿ 256 ಬೈಟ್. ಅದರ ಜೊತೆ ನಿಮ್ಮ ಸರ್ಟಿಫಿಕೇಟ್ (ಕೀ ಯಾರದೆಂದು ಹೇಳುವ ಪ್ರಮಾಣಪತ್ರ) ಮತ್ತು ಅದನ್ನು ಕೊಟ್ಟವರ ಸರ್ಟಿಫಿಕೇಟ್ ಸೇರುತ್ತವೆ; ಆದ್ದರಿಂದಲೇ ಎರಡು ಸಾಲಿನ ಮೇಲ್‌ಗೂ ಕೆಲವು ಕೆಬಿ ತೂಕದ ಪಿ7ಎಸ್ ಅಂಟಿಕೊಂಡಿರುತ್ತದೆ. ಎರಡನೇ ಫೋನಿಗೆ ಉತ್ತರ ಇಲ್ಲೇ ಸಿಕ್ಕಿತು. ಎಸ್‌ಮೈಮ್ ಗೊತ್ತಿಲ್ಲದ ತಂತ್ರಾಂಶ ಆ ಎರಡನೇ ತುಂಡನ್ನು ಸಾಮಾನ್ಯ ಲಗತ್ತು ಎಂದು ತಿಳಿದು ತೋರಿಸುತ್ತದೆ. ತೆರೆಯುವ ಅಗತ್ಯವಿಲ್ಲ, ಮೇಲ್ ಓದಲು ಅದರಿಂದ ಅಡ್ಡಿಯೂ ಇಲ್ಲ.

ಮೊದಲ ಫೋನು, ಅಂದರೆ ಖಾಲಿ ಮೇಲ್, ಬೇರೆ ಕಥೆ. ಎಸ್‌ಮೈಮ್‌ನಲ್ಲಿ ಸಹಿ ಹಾಕುವ ಬಗೆ ಎರಡು. ಈಗ ನೋಡಿದ್ದು ತೆರೆದ ಸಹಿ: ಮಾತು ಹೊರಗೆ, ಸಹಿ ಪಕ್ಕದಲ್ಲಿ. ಇನ್ನೊಂದು ಮುಚ್ಚಿದ ಸಹಿ: ಮಾತನ್ನೂ ಸಹಿಯನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ‘ಎಸ್‌ಮೈಮ್.ಪಿ7ಎಂ’ ಎಂಬ ಒಂದೇ ಕಡತವಾಗಿ ಕಳಿಸುವುದು. ಇದರಲ್ಲಿ ಗುಟ್ಟೇನಿಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಆದರೆ ಬಿಚ್ಚುವ ವಿದ್ಯೆ ಪಡೆದವರ ತಂತ್ರಾಂಶಕ್ಕೆ ಬರಬೇಕು. ಬರದಿದ್ದರೆ ಒಳಗೆ ಹತ್ತು ಪುಟದ ಪತ್ರವಿದ್ದರೂ ಕಾಣುವುದು ಖಾಲಿ ಮೇಲ್, ಒಂದು ಪಿ7ಎಂ.

ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಇದನ್ನು ನಿರ್ಧರಿಸುವುದು ಒಂದೇ ಒಂದು ಚೌಕ. ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಇಮೇಲ್ ಸೆಕ್ಯುರಿಟಿ: ಇಷ್ಟು ಒಳಗೆ ಹೋದರೆ ‘ಸೆಂಡ್ ಕ್ಲಿಯರ್ ಟೆಕ್ಸ್ಟ್ ಸೈನ್ಡ್ ಮೆಸೇಜ್’ ಎಂದು ಇರುತ್ತದೆ. ಅದಕ್ಕೆ ಟಿಕ್ ಇರಲೇಬೇಕು. ಅದೇ ಕಿಟಕಿಯ ‘ಸೆಟ್ಟಿಂಗ್ಸ್’ ಗುಂಡಿ ಒತ್ತಿದರೆ ‘ಸೆಂಡ್ ದೀಸ್ ಸರ್ಟಿಫಿಕೇಟ್ಸ್ ವಿತ್ ಸೈನ್ಡ್ ಮೆಸೇಜಸ್’ ಸಿಗುತ್ತದೆ. ಅದಕ್ಕೂ ಟಿಕ್ ಬೇಕು, ಹ್ಯಾಶ್ ಎಸ್‌ಎಚ್‌ಎ-256 ಇರಬೇಕು. ಎಸ್‌ಎಚ್‌ಎ-1 ಇದ್ದರೆ ಬದಲಿಸಿ. ಒಂದೇ ಹ್ಯಾಶ್ ಕೊಡುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು 2017ರಲ್ಲೇ ಮಾಡಿ ತೋರಿಸಿದ್ದಾರೆ.

ಮುಚ್ಚಿದ ಸಹಿಗೆ ಒಂದು ಒಳ್ಳೆಯ ಗುಣವಿದೆ, ಅದನ್ನೂ ಹೇಳಬೇಕು. ಡಬ್ಬಿ ಮುಚ್ಚಿರುವುದರಿಂದ ದಾರಿಯಲ್ಲಿ ಯಾರೂ ಒಳಗಿನ ಮಾತಿಗೆ ಕೈಹಾಕುವುದಿಲ್ಲ. ತೆರೆದ ಸಹಿಗೆ ಕಾಟ ಅಲ್ಲಿಂದಲೇ. ಕಚೇರಿಯ ಮೇಲ್ ಗೇಟ್‌ವೇ, ಅಂದರೆ ಮೇಲ್‌ಗಳು ಹಾದುಹೋಗುವ ಸರ್ವರ್, ಪ್ರತಿ ಮೇಲ್‌ನ ಕೆಳಗೆ ‘ಈ ಸಂದೇಶ ಗೋಪ್ಯ’ ಎಂಬ ಇಂಗ್ಲಿಷ್ ಎಚ್ಚರಿಕೆ ಅಂಟಿಸುತ್ತದೆ. ಆಂಟಿವೈರಸ್ ‘ಪರೀಕ್ಷಿಸಲಾಗಿದೆ’ ಎಂದು ಒಂದು ಸಾಲು ಸೇರಿಸುತ್ತದೆ. ಹೊರಗಿನಿಂದ ಬಂದ ಮೇಲ್‌ನ ತಲೆಯ ಮೇಲೆ ಹಳದಿ ಪಟ್ಟಿ ಹಚ್ಚುವ ವ್ಯವಸ್ಥೆಗಳೂ ಇವೆ. ಸಹಿಯ ಲೆಕ್ಕದಲ್ಲಿ ಒಂದು ಅಲ್ಪವಿರಾಮ ಸೇರಿದರೂ ಬೇರೆ ಮೇಲ್. ಹ್ಯಾಶ್ ಕೂಡುವುದಿಲ್ಲ, ಕೆಂಪು ಗುರುತು ಬೀಳುತ್ತದೆ. ಮೂರನೇ ಫೋನಿನ ಅರ್ಧ ಉತ್ತರ ಇದು. ಇದಕ್ಕೆ ಮದ್ದು ಗೇಟ್‌ವೇಯಲ್ಲೇ ಇದೆ: ಮಲ್ಟಿಪಾರ್ಟ್/ಸೈನ್ಡ್ ಎಂದಿರುವ ಮೇಲ್‌ಗಳನ್ನು ಆ ನಿಯಮದಿಂದ ಹೊರಗಿಡಲು ಅದನ್ನು ನೋಡಿಕೊಳ್ಳುವವರಿಗೆ ಹೇಳಬೇಕು.

ಆದರೂ ನನ್ನ ತೀರ್ಮಾನ ತೆರೆದ ಸಹಿಯ ಕಡೆಗೇ. ಓದಲು ಬಂದು ಸಹಿ ಕೆಟ್ಟರೆ ಫೋನು ಮಾಡಿ ವಿಚಾರಿಸಬಹುದು. ಓದಲಿಕ್ಕೇ ಬರದ ಮೇಲ್ ಇಟ್ಟುಕೊಂಡು ಏನು ಮಾಡುವುದು?

ಕನ್ನಡದಲ್ಲಿ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇಲ್ ವ್ಯವಸ್ಥೆ ಹುಟ್ಟಿದ್ದು 7 ಬಿಟ್ಟಿನ ಇಂಗ್ಲಿಷ್ ಅಕ್ಷರಕ್ಕೆ. ದಾರಿಯ ಯಾವುದೋ ಹಳೆಯ ಸರ್ವರ್ 8 ಬಿಟ್ಟಿನ ಪಠ್ಯವನ್ನು ತನಗೆ ತಿಳಿದಂತೆ ಪರಿವರ್ತಿಸಿದರೆ ಸಹಿ ಹೋಯಿತು. ಅದಕ್ಕೇ ಸಹಿ ಹಾಕುವ ಮೊದಲೇ ಇಡೀ ಪಠ್ಯವನ್ನು 7 ಬಿಟ್ಟಿಗೆ ಇಳಿಸಬೇಕು ಎಂಬುದು ನಿಯಮ. ‘ಕಲಬುರಗಿ’ ಎಂಬ ಪದ ತೆಗೆದುಕೊಳ್ಳಿ. ಕ, ಲ, ಬ, ಉಕಾರ, ರ, ಗ, ಇಕಾರ: ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟಿನಂತೆ 21 ಬೈಟ್. ಇದನ್ನು ಬೇಸ್64 ರೂಪಕ್ಕೆ ಇಳಿಸಿದರೆ 28 ಅಕ್ಷರ. ಕೋಟೆಡ್ ಪ್ರಿಂಟಬಲ್ ಎಂಬ ಇನ್ನೊಂದು ರೂಪದಲ್ಲಿ ಪ್ರತಿ ಬೈಟಿಗೆ ಮೂರು ಅಕ್ಷರ, ಅಂದರೆ 63. ಆ ರೂಪದಲ್ಲಿ ಒಂದು ಸಾಲಿಗೆ 76 ಅಕ್ಷರದ ಮಿತಿ ಬೇರೆ. ಎರಡನೇ ಪದ ಬರುವಷ್ಟರಲ್ಲಿ ಸಾಲು ಮುರಿಯುತ್ತದೆ. ಮುರಿದದ್ದೇನೂ ತಪ್ಪಲ್ಲ, ಪಡೆದವರ ತಂತ್ರಾಂಶ ಜೋಡಿಸಿಕೊಳ್ಳುತ್ತದೆ. ಆದರೂ ಕನ್ನಡಕ್ಕೆ ಬೇಸ್64 ಹಗುರ, ಮತ್ತು ಸಾಲಿನ ಕೊನೆಯ ಖಾಲಿ ಜಾಗ ಕಳೆದುಹೋಗುವಂಥ ಸಣ್ಣ ಅವಘಡಗಳು ಅದಕ್ಕೆ ತಗಲುವುದಿಲ್ಲ.

ಇನ್ನೊಂದು ಸೂಕ್ಷ್ಮ. ‘ಕೊ’ ಎಂಬುದನ್ನು ಎರಡು ರೀತಿ ಬರೆಯಬಹುದು: ಕಕಾರ ಮತ್ತು ಒಕಾರದ ಒಂದೇ ಚಿಹ್ನೆ, ಒಟ್ಟು 6 ಬೈಟ್, ಇಲ್ಲವೇ ಕಕಾರ, ಎಕಾರ, ಊಕಾರ, ಒಟ್ಟು 9 ಬೈಟ್. ಪರದೆಯ ಮೇಲೆ ಎರಡೂ ಒಂದೇ, ಕಣ್ಣಿಗೆ ಗೊತ್ತೇ ಆಗದು. ನಡುವಿನ ಯಾವುದಾದರೂ ತಂತ್ರಾಂಶ ಒಂದನ್ನು ಇನ್ನೊಂದಕ್ಕೆ ‘ಸರಿಪಡಿಸಿದರೆ’ ಸಹಿ ಮುರಿಯುತ್ತದೆ. ‘ಬ್ಯಾಂಕ್‌ನಲ್ಲಿ’ ಎಂದು ಬರೆಯುವಾಗ ನಡುವೆ ಕೂರುವ ಕಾಣದ ಜೋಡಣೆತಡೆ ಚಿಹ್ನೆಯನ್ನು ಕಸವೆಂದು ಕಿತ್ತುಹಾಕಿದರೂ ಅದೇ ಗತಿ.

ಇದರ ತಿರುಗುಮುರುಗೂ ಉಂಟು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಬೆರಳಚ್ಚಿಸಿದ ಪತ್ರವನ್ನು ಮೇಲ್‌ಗೆ ಅಂಟಿಸಿ ಸಹಿ ಹಾಕಿ ಕಳಿಸಿದರೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ತಾರ ಕಾಣುತ್ತದೆ. ಸಹಿ ಮಾತ್ರ ಹಸಿರು! ಸಹಿ ಕಾಯುವುದು ಬೈಟುಗಳನ್ನು; ಅರ್ಥವಾಯಿತೋ ಇಲ್ಲವೋ ಅದಕ್ಕೆ ಬೇಕಿಲ್ಲ.

ಮೂರನೇ ಫೋನಿನ ಉಳಿದರ್ಧ ನಂಬಿಕೆಯ ಸರಪಳಿಯದು. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು, ಅಂದರೆ ಸಿಸಿಎ, ಮೂಲ ಸರ್ಟಿಫಿಕೇಟ್ ಇಟ್ಟುಕೊಂಡಿರುತ್ತಾರೆ. ಅವರಿಂದ ಪರವಾನಗಿ ಪಡೆದ ಸಂಸ್ಥೆ ನಿಮಗೆ ಡಿಎಸ್‌ಸಿ ಕೊಡುತ್ತದೆ. 2021ರ ಜನವರಿ 1ರಿಂದ ಕ್ಲಾಸ್ 2 ನಿಂತು, ಈಗ ಕೊಡುವುದು ಕ್ಲಾಸ್ 3. ನಿಮ್ಮ ಸಹಿಯನ್ನು ನಂಬಬೇಕಾದರೆ ಪಡೆದವರ ತಂತ್ರಾಂಶಕ್ಕೆ ಆ ಮೂಲ ಗೊತ್ತಿರಬೇಕು. ಔಟ್‌ಲುಕ್ ವಿಂಡೋಸಿನ ಪಟ್ಟಿಯನ್ನು ನೋಡುತ್ತದೆ, ಆಪಲ್ ಮೇಲ್ ತನ್ನ ಕೀಚೈನನ್ನು. ಥಂಡರ್‌ಬರ್ಡ್ ಎರಡನ್ನೂ ಬಿಟ್ಟು ಮೊಜಿಲ್ಲಾದ ಸ್ವಂತ ಪಟ್ಟಿಯನ್ನು ನೋಡುತ್ತದೆ, ಅದರಲ್ಲಿ ಸಿಸಿಎ ಮೂಲ ಇಲ್ಲ. ಹಾಗಾಗಿ ಒಂದೇ ಮೇಲ್ ಒಂದು ಕಡೆ ಹಸಿರು, ಇನ್ನೊಂದು ಕಡೆ ‘ನಂಬಲಾಗದು’.

ಪಟ್ಟಿಗಳು ಬೇರೆ ಬೇರೆ ಇರುವುದು ಕಿರಿಕಿರಿಯೇ, ಆದರೆ 2014ರ ಜುಲೈನಲ್ಲಿ ಅದರಿಂದ ಒಂದು ಉಪಕಾರವೂ ಆಯಿತು. ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವಿಭಾಗದಿಂದ ಗೂಗಲ್‌ನ ಡೊಮೈನುಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದವು. ಸಿಸಿಎ ಮೂಲ ವಿಂಡೋಸಿನ ಪಟ್ಟಿಯಲ್ಲಿದ್ದುದರಿಂದ ವಿಂಡೋಸ್ ಮೇಲಿನ ಬಹುತೇಕ ತಂತ್ರಾಂಶಗಳು ಅವನ್ನು ನಂಬುವಂತಿದ್ದವು. ಸ್ವಂತ ಪಟ್ಟಿಯ ಫೈರ್‌ಫಾಕ್ಸ್‌ಗೆ ತಟ್ಟಲಿಲ್ಲ. ಸಿಸಿಎ ಆ ಮಧ್ಯದ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿತು.

ಥಂಡರ್‌ಬರ್ಡ್‌ಗೆ ನಾವೇ ಹೇಳಿಕೊಡಬೇಕು. ಸಿಸಿಎ ಜಾಲತಾಣದಿಂದಲೇ ಮೂಲ ಸರ್ಟಿಫಿಕೇಟ್ ಇಳಿಸಿಕೊಳ್ಳಿ. ಮೇಲ್‌ನಲ್ಲಿ ಯಾರೋ ಕಳಿಸಿದ್ದನ್ನು ಹಾಕಬೇಡಿ, ಮೂಲವನ್ನೇ ಪರರ ಕೈಯಿಂದ ತಗೊಂಡರೆ ಮುಂದಿನದೆಲ್ಲ ವ್ಯರ್ಥ. ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಮ್ಯಾನೇಜ್ ಸರ್ಟಿಫಿಕೇಟ್ಸ್, ಅಥಾರಿಟೀಸ್, ಇಂಪೋರ್ಟ್. ಆಗ ಕೇಳುವ ಚೌಕಗಳಲ್ಲಿ ಇಮೇಲ್ ಬಳಕೆದಾರರನ್ನು ಗುರುತಿಸುವುದಕ್ಕೆ ಮಾತ್ರ ಟಿಕ್ ಹಾಕಿ, ವೆಬ್‌ಸೈಟಿನದನ್ನು ಖಾಲಿ ಬಿಡಿ. 2014ರ ಕಥೆ ನೆನಪಿದ್ದರೆ ಯಾಕೆಂದು ಗೊತ್ತಾಗುತ್ತದೆ. ಇದು ಪಡೆಯುವವರಿಗೆ. ಕಳಿಸುವವರಿಗೆ ಇನ್ನೂ ಒಂದು ಹೆಜ್ಜೆ: ಅದೇ ಪುಟದ ಸೆಕ್ಯುರಿಟಿ ಡಿವೈಸಸ್‌ನಲ್ಲಿ ‘ಲೋಡ್’ ಒತ್ತಿ, ಡೋಂಗಲ್ ಡ್ರೈವರಿನ ಜೊತೆ ಬಂದ ಪಿಕೆಸಿಎಸ್ 11 ಡಿಎಲ್‌ಎಲ್ ಕಡತ (ಡೋಂಗಲ್ಲಿನ ಜೊತೆ ಮಾತಾಡಲು ಬೇಕಾದದ್ದು) ತೋರಿಸಬೇಕು. ಥಂಡರ್‌ಬರ್ಡ್ 64 ಬಿಟ್ಟಿನದಾದರೆ ಡಿಎಲ್‌ಎಲ್ ಕೂಡ 64 ಬಿಟ್ಟಿನದೇ ಬೇಕು. 32ರದನ್ನು ತೋರಿಸಿದರೆ ಸೇರಿಸಲಾಗಲಿಲ್ಲ ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಆಮೇಲೆ ಅಕೌಂಟ್ ಸೆಟ್ಟಿಂಗ್ಸ್‌ನ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಪುಟದಲ್ಲಿ ಎಸ್‌ಮೈಮ್ ಕೆಳಗೆ ಸರ್ಟಿಫಿಕೇಟ್ ಆರಿಸಿ.

ಆರಿಸಲು ಹೋದಾಗ ಪಟ್ಟಿ ಖಾಲಿ ಬಂದರೆ ಸರ್ಟಿಫಿಕೇಟನ್ನೇ ನೋಡಬೇಕು. ವಿಂಡೋಸಿನಲ್ಲಿ ಸರ್ಟಿಫಿಕೇಟ್ ತೆರೆದು ಡೀಟೇಲ್ಸ್‌ಗೆ ಹೋಗಿ. ‘ಎನ್‌ಹಾನ್ಸ್ಡ್ ಕೀ ಯೂಸೇಜ್’ನಲ್ಲಿ ಸೆಕ್ಯೂರ್ ಇಮೇಲ್, 1.3.6.1.5.5.7.3.4 ಎಂಬ ಸಂಖ್ಯೆ ಇದೆಯೇ? ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ನಲ್ಲಿ ನಿಮ್ಮ ಮೇಲ್ ವಿಳಾಸವಿದೆಯೇ? ಅರ್ಜಿ ತುಂಬುವಾಗ ಏಜೆಂಟರು ತಮ್ಮ ವಿಳಾಸ ಹಾಕಿದ್ದರೆ ಅಲ್ಲಿ ಅದೇ ಇರುತ್ತದೆ. ಟೆಂಡರಿಗೆ ಅದರಿಂದ ತೊಂದರೆಯಾಗದೆ ಹೋಗಬಹುದು, ಮೇಲ್‌ಗೆ ಆಗುತ್ತದೆ. ಕಳಿಸಿದ ವಿಳಾಸ ಒಂದು, ಸರ್ಟಿಫಿಕೇಟಿನದು ಇನ್ನೊಂದು ಎಂದರೆ ಪಡೆದ ತಂತ್ರಾಂಶ ಎಚ್ಚರಿಕೆ ಕೊಡುವುದು ನ್ಯಾಯವೇ. ನಿಮ್ಮ ಔಟ್‌ಲುಕ್‌ನ ಬಾಯಿಯನ್ನು ವಿಂಡೋಸಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ತಿದ್ದಿ ಮುಚ್ಚಿಸುವವರಿದ್ದಾರೆ, ಆದರೆ ಮುಂದಿನವರ ಔಟ್‌ಲುಕ್ ಅಲ್ಲಿ ಬಾಯಿ ಬಿಡುತ್ತದೆ. ಮುಂದಿನ ಸಲ ನವೀಕರಿಸುವಾಗ ಸರಿಯಾದ ವಿಳಾಸ ಕೊಟ್ಟು ಹೊಸದು ಮಾಡಿಸುವುದೇ ದಾರಿ.

ಮೊಬೈಲಿನಲ್ಲಿ? ಡೋಂಗಲ್ಲಿನ ಖಾಸಗಿ ಕೀ ಹೊರಗೆ ಬರುವುದಿಲ್ಲ, ಬರಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ. ಐಫೋನಿನಲ್ಲಿ ಎಸ್‌ಮೈಮ್ ಸಹಿ ಹಾಕಲು ಸಾಮಾನ್ಯವಾಗಿ ಕೀಯನ್ನು ಪಿ12 ಎಂಬ, ಕೀ ಮತ್ತು ಸರ್ಟಿಫಿಕೇಟ್ ಎರಡೂ ಇರುವ ಕಡತವಾಗಿ ಫೋನಿಗೆ ಹಾಕುತ್ತಾರೆ. ಗೂಗಲ್ ವರ್ಕ್‌ಸ್ಪೇಸ್‌ನ ಕೆಲವು ದುಬಾರಿ ಯೋಜನೆಗಳಲ್ಲಿರುವ ಹೋಸ್ಟೆಡ್ ಎಸ್‌ಮೈಮ್‌ಗೂ ಆ ಕಡತ ಏರಿಸಬೇಕು. ಡೋಂಗಲ್ ಇಟ್ಟುಕೊಂಡವರಿಗೆ ಎರಡೂ ಬಂದ್. ಉಚಿತ ಜಿಮೇಲ್‌ನ ವೆಬ್ ಪುಟದಿಂದಲೂ ಈ ಸಹಿ ಹಾಕಲು ಬಾರದು. ಆದರೆ ಅದೇ ಜಿಮೇಲ್ ಖಾತೆಯನ್ನು ಥಂಡರ್‌ಬರ್ಡ್‌ಗೆ ಜೋಡಿಸಿ ಅಲ್ಲಿಂದ ಸಹಿ ಹಾಕಿ ಕಳಿಸಬಹುದು. ಅದಕ್ಕೆ ಖಾತೆ ಬದಲಿಸಬೇಕಿಲ್ಲ, ತಂತ್ರಾಂಶ ಬದಲಿಸಿದರೆ ಸಾಕು.

ಓಪನ್‌ಪಿಜಿಪಿ ಎಂಬ ಇನ್ನೊಂದು ಪದ್ಧತಿ, ಚಿಕ್ಕದಾಗಿ ಪಿಜಿಪಿ, ಅದರ ಬಗ್ಗೆ ಎರಡೇ ಮಾತು. ಸಾಫ್ಟ್‌ವೇರ್ ಕೆಲಸದವರಿಂದ ‘ಸಿಗ್ನೇಚರ್.ಎಎಸ್‌ಸಿ’ ಎಂಬ ಲಗತ್ತು ಬಂದರೆ ಅದು ಇದರದು. ಥಂಡರ್‌ಬರ್ಡ್‌ನಲ್ಲಿ 2020ರ 78ನೇ ಆವೃತ್ತಿಯಿಂದ ಒಳಗೇ ಇದೆ, ಔಟ್‌ಲುಕ್‌ಗೆ ಜಿಪಿಜಿ4ವಿನ್ ಬೇಕು, ಆಂಡ್ರಾಯ್ಡ್‌ನ ಕೆ-9 ಮೇಲ್‌ಗೆ ಓಪನ್‌ಕೀಚೈನ್ ಜೊತೆಯಾಗಬೇಕು. ಮಾತಿನ ಒಳಗೇ ‘ಬಿಗಿನ್ ಪಿಜಿಪಿ ಸೈನ್ಡ್ ಮೆಸೇಜ್’ ಎಂದು ಗೆರೆಗಳ ನಡುವೆ ಬರುವ ಹಳೆಯ ಬಗೆಯನ್ನು ಬಿಟ್ಟುಬಿಡಿ, ಸಾಲು ಮುರಿದರೆ ಸಾಕು ಕೆಡುತ್ತದೆ. ಪಿಜಿಪಿಗೆ ಪರವಾನಗಿಯ ಸಂಸ್ಥೆ ಯಾರೂ ಇಲ್ಲ. ನಮ್ಮ ಕಾಯ್ದೆಯ ಡಿಜಿಟಲ್ ಸಹಿ ಎಂದು ಅದನ್ನು ತೋರಿಸಲು ಹೋಗಬೇಡಿ.

ಇನ್ನು ಎಲ್ಲಕ್ಕಿಂತ ಅಪಾಯದ್ದು: ಹಸಿರು ಗುರುತನ್ನು ಅತಿಯಾಗಿ ನಂಬುವುದು. ಕಚ್ಚಾ ಮೇಲನ್ನು ಮತ್ತೆ ನೋಡಿ. ಸಹಿಯ ಲೆಕ್ಕ ಶುರುವಾಗುವುದು ಮೊದಲ ಗಡಿಗೆರೆಯ ಕೆಳಗಿನಿಂದ. ಸಬ್ಜೆಕ್ಟ್, ಟು, ದಿನಾಂಕ ಅದರ ಮೇಲಿವೆ, ಹೊರಗಿವೆ. ಈಗ ಒಬ್ಬ ಮಿಲ್ಲಿನವರು ‘50 ಕ್ವಿಂಟಲ್ ತೊಗರಿ ಬೇಳೆ, ಸೋಮವಾರದ ಲೋಡ್’ ಎಂದು ಸಬ್ಜೆಕ್ಟ್ ಬರೆದು, ಒಳಗೆ ‘ಒಪ್ಪಿಗೆ ಇದೆ, ಕಳಿಸಿರಿ’ ಎಂದಷ್ಟೇ ಬರೆದು ಸಹಿ ಹಾಕಿದರು ಎನ್ನಿ. ಆ ಮೇಲ್ ಸಿಕ್ಕ ಯಾರಾದರೂ ಸಬ್ಜೆಕ್ಟಿನ 50ಕ್ಕೆ ಒಂದು ಸೊನ್ನೆ ಸೇರಿಸಿ ಮತ್ತೆ ಕಳಿಸಿದರೆ ಬಹಳ ತಂತ್ರಾಂಶಗಳಲ್ಲಿ ಸಹಿ ಹಸಿರಾಗಿಯೇ ಉಳಿಯುತ್ತದೆ. ಒಳಗಿನ ಬೈಟು ಒಂದೂ ಬದಲಾಗಿಲ್ಲವಲ್ಲ! ಆದ್ದರಿಂದ ಪ್ರಮಾಣ, ದರ, ದಿನಾಂಕ, ಯಾರಿಗೆ ಎಂಬುದನ್ನು ಮೇಲ್‌ನ ಒಳಗೇ ಬರೆಯಬೇಕು, ಸಬ್ಜೆಕ್ಟಿನಲ್ಲಿ ಇದ್ದರೂ ಮತ್ತೊಮ್ಮೆ. ತೋರಿಸುವ ತಂತ್ರಾಂಶವೇ ಮೋಸಹೋಗುವುದೂ ಇದೆ. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಓಪನ್‌ಪಿಜಿಪಿ ಬಲ್ಲ 20 ತಂತ್ರಾಂಶಗಳ ಪೈಕಿ 14ನ್ನು, ಎಸ್‌ಮೈಮ್ ಬಲ್ಲ 22ರ ಪೈಕಿ 15ನ್ನು ಸುಳ್ಳು ಸಹಿ ತೋರಿಸುವಂತೆ ಮಾಡಲು ಸಾಧ್ಯವಾಯಿತು. ಎಷ್ಟೋ ದೋಷಗಳನ್ನು ಆಮೇಲೆ ಸರಿಪಡಿಸಿದ್ದಾರೆ. ಹಳೆಯ ಆವೃತ್ತಿಯಲ್ಲೇ ಕೂತವರಿಗೆ ಆ ತಿದ್ದುಪಡಿ ತಲುಪಿಲ್ಲ. ಸಹಿಯ ಗುರುತಿನ ಮೇಲೆ ಒತ್ತಿ, ಯಾರ ಹೆಸರು, ಯಾವ ವಿಳಾಸ, ಯಾರು ಕೊಟ್ಟದ್ದು ಎಂದು ಓದುವ ರೂಢಿ ಬೇಕು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದೆ.

ವಕೀಲರೊಬ್ಬರು: ಸಹಿ ಇದ್ದ ಮೇಲನ್ನು ಕೋರ್ಟಿಗೆ ಕೊಡಬೇಕಾದರೆ ಹೇಗೆ ಕಾಪಾಡಿಡಬೇಕ್ರಿ?

ಪ್ರಿಂಟ್ ತೆಗೆದರೆ ಸಹಿ ಕಾಗದಕ್ಕೆ ಬರುವುದಿಲ್ಲ. ಸಾಮಾನ್ಯ ಫಾರ್ವರ್ಡ್ ಮಾಡಿದರೂ ಹೋಗುತ್ತದೆ, ಯಾಕೆಂದರೆ ಫಾರ್ವರ್ಡ್ ಅಂದರೆ ಹೊಸ ಮೇಲ್. ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಬಳಸಿ, ಅಥವಾ ಮೇಲನ್ನು ಇಎಂಎಲ್ ಕಡತವಾಗಿ ಉಳಿಸಿ. ಸರ್ವರಿನಲ್ಲಿರುವ ಮೂಲವನ್ನು ಅಳಿಸಬೇಡಿ. ಉಳಿಸಿದ ದಿನವೇ ಆ ಕಡತದ ಎಸ್‌ಎಚ್‌ಎ-256 ತೆಗೆದು ಬರೆದಿಡಿ. ವಿಂಡೋಸಿನ ಸರ್ಟ್‌ಯುಟಿಲ್ ಆದೇಶದಲ್ಲಿ ಹ್ಯಾಶ್‌ಫೈಲ್ ಎಂದು, ಕಡತದ ಹೆಸರಿನ ಕೊನೆಗೆ ಎಸ್‌ಎಚ್‌ಎ256 ಎಂದೂ ಸೇರಿಸಿದರೆ ಬರುತ್ತದೆ; ಸೇರಿಸದಿದ್ದರೆ ಎಸ್‌ಎಚ್‌ಎ-1 ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ತುಂಬುವ ಜಾಗವೇ ಇದೆ.

ಇನ್ನೊಬ್ಬರು: ಹಂಗಾದ್ರ ಮೇಲ್‌ಗೆ ಯಾಕ ಸಹಿ, ಪಿಡಿಎಫ್‌ಗೆ ಹಾಕಿದ್ರ ಸಾಲದೇನು?

ಒಪ್ಪಂದ, ದರಪಟ್ಟಿ, ನೋಟಿಸು ಇಂಥವಕ್ಕೆ ಪಿಡಿಎಫ್ ಸಹಿಯೇ ವಾಸಿ. ಅದು ಕಡತದ ಒಳಗೇ ಕೂತಿರುತ್ತದೆ, ಹತ್ತು ಸಲ ಫಾರ್ವರ್ಡ್ ಆದರೂ ಜೊತೆಗೇ ಹೋಗುತ್ತದೆ, ಗೇಟ್‌ವೇ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೇಲ್ ಸಹಿ ಬೇಕಾಗುವುದು ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಹಾಕಿ’ ಎಂಬಂಥ ಮೇಲ್‌ಗಳಿಗೆ. ಅಲ್ಲಿ ಪಿಡಿಎಫ್ ಇರುವುದಿಲ್ಲ, ಮೋಸ ಇರುತ್ತದೆ. ದಿನಾ ವ್ಯವಹಾರ ಇರುವ ಐದಾರು ಕಡೆಯವರಿಗೆ ತೆರೆದ ಸಹಿಯ ಒಂದು ಪರೀಕ್ಷೆ ಮೇಲ್ ಕಳಿಸಿ, ಅವರ ಪರದೆಯಲ್ಲಿ ಏನು ಕಂಡಿತು ಎಂದು ಫೋಟೊ ತರಿಸಿಕೊಳ್ಳಿ. ಅದರಲ್ಲಿ ಒಂದು ಮೇಲ್ ಕನ್ನಡದಲ್ಲಿರಲಿ, ಒಂದರಲ್ಲಿ ಲಗತ್ತು ಇರಲಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ನಮ್ಮಲ್ಲಿ ಒಂದೇ ಒಂದು ಕಂಪ್ಯೂಟರಿನಾಗ ಎಲ್ಲಾರ ಸಹಿನೂ ಕೆಂಪೇ ಬರ್ತದ, ಬಾಜೂದಾಗಿನ ಕಂಪ್ಯೂಟರಿನಾಗ ಸರಿ ಅದ. ಯಾಕ್ರಿ?

ಮೊದಲು ಬಲಮೂಲೆಯ ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ತೀರಿದೆ. ಆ ಕಂಪ್ಯೂಟರಿನ ಲೆಕ್ಕದಲ್ಲಿ ಯಾರ ಸರ್ಟಿಫಿಕೇಟೂ ಇನ್ನೂ ಹುಟ್ಟಿಲ್ಲ. ಸಿಆರ್2032 ಎಂದು ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ. ಹಾಕಿ, ತಾರೀಖು ಸರಿ ಮಾಡಿ, ಮೇಲ್ ತಂತ್ರಾಂಶ ಮುಚ್ಚಿ ತೆರೆಯಿರಿ. ತಾರೀಖು ಸರಿಯಿದ್ದೂ ಕೆಂಪೇ ಇದ್ದರೆ ಆ ಯಂತ್ರದ ಫೈರ್‌ವಾಲ್ ನೋಡಿ. ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ ತರಲು ಅದು ಬಿಡುತ್ತಿರಲಿಕ್ಕಿಲ್ಲ.